ಗೋಸುಂಬೆಯ ಮೊಟ್ಟೆ ಇಟ್ಟುಕೊಂಡ ಬಾನಿ

ನಾನು ಒಂದು ಮಣ್ಣಿನ ಬಾನಿ. ಬಾಯಿ ಅಗಲ, ಹೊಟ್ಟೆ ದಪ್ಪ. ಕೆರೆಯ ಜಿಗುಟು ಮಣ್ಣು ತಂದು, ತುಳಿದು, ತಿಗರಿಗೆ ಹಾಕಿ, ಆಮೇಲೆ ಹಲಗೆಯಿಂದ ತಟ್ಟಿ ತಟ್ಟಿ ನನ್ನನ್ನು ಇಷ್ಟು ದೊಡ್ಡದು ಮಾಡಿದರು. ಆವಿಗೆಯ ಬೆಂಕಿ ಇನ್ನೂ ನೆನಪಿದೆ. ಪಕ್ಕದಲ್ಲಿದ್ದ ಬಾನಿ ಒಡೆದ ಸದ್ದೂ ನೆನಪಿದೆ. ನಾನು ಒಡೆಯಲಿಲ್ಲ.

ಮೊದಲು ಶಿರಾ ಆಚೆಯ ಹೆದ್ದಾರಿ ಹೋಟೆಲಿನವರು ಕೊಂಡುಹೋಗಿ ಹಿತ್ತಲಲ್ಲಿ ಇಟ್ಟರು. ಎಂಜಲು ತಟ್ಟೆಗಳು ನನ್ನೊಳಗೆ ಮುಳುಗಿ ಏಳುತ್ತಿದ್ದವು. ನೆಲದ ಮೇಲೆ ಕೂತಿರುವ ನನಗೆ ಮನುಷ್ಯರೆಂದರೆ ಕಾಲುಗಳು, ಬಗ್ಗಿದಾಗ ಮಾತ್ರ ಮುಖ. ಪ್ಲಾಸ್ಟಿಕ್ ಡ್ರಮ್ಮು ಬಂದ ಮೇಲೆ ನನ್ನನ್ನು ಬೇಲಿಗೆ ಒರಗಿಸಿದರು. ಅಲ್ಲಿಗೆ ಕೋಳಿ ಕೊಡಲು ಬರುತ್ತಿದ್ದ ಕ್ಯಾತಪ್ಪ ಕೇಳಿ ಇಸಿದುಕೊಂಡು, ಸೈಕಲ್ಲಿನ ಹಿಂದೆ ಕಟ್ಟಿ ಮನೆಗೆ ತಂದ.

ಕ್ಯಾತಪ್ಪ ನಾಟಿ ಕೋಳಿ ಸಾಕುವವನು. ಕಾವು ಕೂರಿಸುವುದರಲ್ಲಿ ಅವನ ಕೈ ದೊಡ್ಡದು. ಮೊಟ್ಟೆಯನ್ನು ಮುಷ್ಟಿಯಲ್ಲಿ ಹಿಡಿದು ಬಿಸಿಲಿಗೆ ಎತ್ತಿ ನೋಡಿ, ಜೀವ ಇದೆಯೋ ಇಲ್ಲವೋ ಹೇಳುತ್ತಿದ್ದ. ಗುಡುಗಿಗೆ ಕೆಡಬಾರದೆಂದು ಬುಟ್ಟಿಯಲ್ಲಿ ಇದ್ದಿಲು ಚೂರು, ಕಬ್ಬಿಣದ ಮೊಳೆ ಇಡುತ್ತಿದ್ದ. ಅಕ್ಕಪಕ್ಕದ ಹಟ್ಟಿಯವರು ತಮ್ಮ ಮೊಟ್ಟೆಗಳನ್ನೂ ಅವನ ಕೈಗೇ ತಂದು ಕೊಡುತ್ತಿದ್ದರು. ನನ್ನನ್ನು ಅವನು ಕಿಟಕಿಯ ಕೆಳಗೆ ಇಟ್ಟು ಕೋಳಿಗಳಿಗೆ ನೀರು ತುಂಬಿಸಿದ.

ಆ ಕಿಟಕಿಯ ಒಳಗೆ ಅವನ ಮಗಳು ವನಜ ಮಲಗಿರುತ್ತಿದ್ದಳು. ತಾಯಿ ಇಲ್ಲದ ಹುಡುಗಿ. ಗಾರ್ಮೆಂಟ್ಸಿಗೆ ಹೋಗುತ್ತಿದ್ದವಳು ಒಂದು ದಿನ ಮುಖ ಕಾಲು ಊದಿಸಿಕೊಂಡು ಬಂದಳು. ಎರಡೂ ಕಿಡ್ನಿ ಹೋಗಿವೆ ಅಂದರಂತೆ. ಅಂದಿನಿಂದ ವಾರವಾರವೂ ಅಪ್ಪ ಅವಳನ್ನು ಬಸ್ಸಿಗೆ ಹತ್ತಿಸಿಕೊಂಡು ಹೋಗಿ, ಮಿಷನ್ನಿನಲ್ಲಿ ರಕ್ತ ತೊಳೆಸಿಕೊಂಡು ಬರುತ್ತಿದ್ದ. ಅವಳು ಕುಡಿಯುವ ನೀರಿಗೂ ಅಳತೆ. ಕೋಳಿಗಳು ನನ್ನಲ್ಲಿ ಕೊಕ್ಕು ಅದ್ದಿ ತಲೆ ಎತ್ತಿ ನೀರು ಕುಡಿಯುವುದನ್ನು ಅವಳು ಕಿಟಕಿಯಿಂದ ಬಹಳ ಹೊತ್ತು ನೋಡುತ್ತಿದ್ದಳು.

ರಸ್ತೆ ಅಗಲ ಮಾಡಲು ಸಾಲು ಹುಣಸೆ ಮರಗಳನ್ನು ಕಡಿದ ವರ್ಷ ಅದು. ಬಿದ್ದ ಕೊಂಬೆಯಲ್ಲಿ ಒಂದು ಗೋಸುಂಬೆ ಸಿಕ್ಕಿತು. ವಿಷದ ಜಂತು ಎಂದು ಜನ ಕಲ್ಲು ಎತ್ತಿದರಂತೆ. ಕ್ಯಾತಪ್ಪ ಅದನ್ನು ಕೋಲಿನ ಮೇಲೆ ಹತ್ತಿಸಿಕೊಂಡು ಮನೆಗೆ ತಂದು, ಮಗಳ ಕಿಟಕಿಗೆ ಹುಣಸೆ ಕೊಂಬೆ ಕಟ್ಟಿ ಅದರ ಮೇಲೆ ಬಿಟ್ಟ. ಮಲಗಿದ್ದಲ್ಲೇ ನೋಡಲು ಏನಾದರೂ ಇರಲಿ ಎಂದು.

ಅವನ ಅಕ್ಕ ಓಬಮ್ಮ ಪಕ್ಕದ ಮನೆಯವಳು. ಮೂರು ಹೊತ್ತೂ ಇವರ ಒಲೆ ಹಚ್ಚುವವಳು ಅವಳೇ. ಬಾಗಿಲಲ್ಲೇ ನಿಂತು ಬೈದಳು.

“ಲೇ ಕ್ಯಾತ, ಒಬ್ಳು ಮಲಗಿರೋದು ಸಾಲ್ದು ಅಂತ ಈ ಶನಿನೂ ತಂದ್ಯಾ?”

“ಇರ್ಲಿ ಬುಡತ್ತೆ,” ಅಂದಳು ವನಜ. “ಅದೂ ನಿನ್ನಂಗೇ. ಒಂದ್ ಕಣ್ಣು ಒಲೆ ಮೇಲೆ, ಇನ್ನೊಂದ್ ಕಣ್ಣು ಬೀದಿ ಮೇಲೆ.”

ಓಬಮ್ಮನಿಗೆ ನಗು ಬಂತು. ಆ ಮನೆಯಲ್ಲಿ ನಗು ಕೇಳಿ ಬಹಳ ದಿನವಾಗಿತ್ತು.

ಗೋಸುಂಬೆ ಬಟ್ಟಲಿನ ನೀರು ಮುಟ್ಟಲಿಲ್ಲ. ಎಲೆಯ ಮೇಲಿನ ಹನಿ ಮಾತ್ರ ಅದಕ್ಕೆ ನೀರು. ವನಜ ಬಟ್ಟೆ ಚೂರು ಅದ್ದಿ, ಎಲೆಗಳ ಮೇಲೆ ಹನಿ ಹನಿಯಾಗಿ ಹಿಂಡುವಳು. ಅದು ನಿಧಾನವಾಗಿ ನೆಕ್ಕುವುದು. ತನ್ನ ತುಟಿ ಒಣಗಿದ್ದರೂ ಅವಳು ಆ ಬಟ್ಟೆಯನ್ನು ಬಾಯಿಗೆ ಒತ್ತಿಕೊಂಡವಳಲ್ಲ.

ಗೋಸುಂಬೆಯ ಹೊಟ್ಟೆ ನೋಡಿ ಮೊದಲು ಹೇಳಿದವಳು ಓಬಮ್ಮ. ಅವರೆಕಾಳು ತುಂಬಿದ ಚೀಲದ ಹಾಗೆ ಗಂಟು ಗಂಟಾಗಿದೆ, ಇದು ಬಸುರಿ ಎಂದಳು. ಅಲ್ಲಿಂದ ಅವಳು ಶನಿ ಅನ್ನುವುದನ್ನು ಬಿಟ್ಟಳು. ಮೊಟ್ಟೆಯ ಸಿಪ್ಪೆ ಅರೆದು ಪುಡಿ ಮಾಡಿಕೊಟ್ಟಳು. ಕ್ಯಾತಪ್ಪ ಬೆಳಗಾದರೆ ಬೇಲಿಗೆ ಟವಲು ಬೀಸಿ ಮಿಡತೆ ಹಿಡಿದು ತರುವನು. ಅವುಗಳಿಗೆ ಆ ಪುಡಿ ಹಚ್ಚಿ ವನಜ ಕಡ್ಡಿಯ ತುದಿಯಲ್ಲಿ ಹಿಡಿಯುವಳು. ನಾಲಗೆ ಚಾಚಿ ಅದು ಮಿಡತೆಯನ್ನು ಸೆಳೆದುಕೊಂಡಾಗ ಪ್ರತಿಸಲವೂ ಬೆಚ್ಚುವಳು, ಪ್ರತಿಸಲವೂ ನಗುವಳು. ಮರಿಗಳು ಬಂದರೆ ಯಾವ ಯಾವ ಕೊಂಬೆಗೆ ಬಿಡಬೇಕೆಂದು ಅಪ್ಪನಿಗೆ ಹೇಳುವಳು. ಅಷ್ಟು ಸಣ್ಣ ಬಾಯಿಗೆ ಏನು ತಿನ್ನಿಸುವುದು ಎಂಬುದೂ ಅವಳಿಗೆ ಚಿಂತೆ. ಬಾಳೆಹಣ್ಣು ಕೊಳೆಯಲು ಇಟ್ಟು ನುಸಿ ಎಬ್ಬಿಸುವುದನ್ನು ಆಗಲೇ ಕಲಿತಳು. ಅನ್ನ ಬೇಡ ಎನ್ನುತ್ತಿದ್ದವಳು ಅದರ ಜೊತೆಗೆ ಕೂತು ಎರಡು ತುತ್ತು ಉಣ್ಣತೊಡಗಿದಳು. ಅಷ್ಟನ್ನು ನೋಡಿ ಕ್ಯಾತಪ್ಪ ಹಿತ್ತಲಿಗೆ ಬಂದು ನನ್ನ ಅಂಚು ಹಿಡಿದುಕೊಂಡು ನಿಲ್ಲುತ್ತಿದ್ದ.

ಒಂದು ದಿನ ಗೋಸುಂಬೆ ಮಿಡತೆ ಬೇಡವೆಂದಿತು. ಮೈ ಕಪ್ಪಾಗಿ ಹಳದಿ ಚುಕ್ಕೆ ಎದ್ದವು. ಕೊಂಬೆಯಿಂದ ಇಳಿದು ಗೋಡೆಯ ಬುಡ ಕೆರೆಯಿತು. ಮೊಟ್ಟೆಗೆ ಬಂದ ಹೇಂಟೆ ಹೀಗೇ ಮೂಲೆ ಹುಡುಕುವುದು ಎಂದು ಕ್ಯಾತಪ್ಪ ಹುಲ್ಲು ಹಾಸಿ, ಮಂಕರಿ ಕವುಚಿ, ಕತ್ತಲು ಮಾಡಿಕೊಟ್ಟ. ಮಾರನೆಯ ದಿನವೂ, ಅದರ ಮಾರನೆಯ ದಿನವೂ ಮಂಕರಿಯೊಳಗೆ ಕೆರೆಯುವ ಸದ್ದು ನಿಲ್ಲಲಿಲ್ಲ. ವನಜ ಮೊಬೈಲಿನಲ್ಲಿ ಹುಡುಕಿ ನೋಡಿ ಅಪ್ಪನನ್ನು ಕರೆದಳು. ಅದಕ್ಕೆ ಹುಲ್ಲಲ್ಲ, ಮಣ್ಣು ಬೇಕು, ಆಳವಾದ ಮಣ್ಣು ಎಂದಳು.

ಆಗ ನನ್ನ ನೀರು ಚೆಲ್ಲಿದರು. ಹಳ್ಳದ ಮರಳುಮಣ್ಣು ಜರಡಿ ಹಿಡಿದು, ಅಂಚಿನ ತನಕ ತುಂಬಿದರು. ಗೋಸುಂಬೆಯನ್ನು ಮೇಲೆ ಬಿಟ್ಟರು. ಅದರ ಉಗುರು ಕಿತ್ತುಹೋಗಿದ್ದವು. ಆದರೂ ತಲೆ ತಗ್ಗಿಸಿ ಅಗೆಯಿತು. ಅಗೆದು ಅಗೆದು ನನ್ನ ತಳದ ಹತ್ತಿರಕ್ಕೆ ಬಂದು ಮೊಟ್ಟೆ ಇಟ್ಟಿತು. ಎಂಜಲು ತಟ್ಟೆ, ಕೋಳಿಯ ನೀರು ಇಷ್ಟೇ ಕಂಡಿದ್ದ ನನ್ನ ಹೊಟ್ಟೆಗೆ ಆ ಮೆತ್ತನೆಯ ಬಿಳಿ ಮೊಟ್ಟೆಗಳ ಭಾರ ಹೊಸದು. ಗೋಸುಂಬೆ ಮಣ್ಣು ಮುಚ್ಚಿ, ಹಿಂಗಾಲಿನಿಂದ ತಟ್ಟಿ, ಕೊಂಬೆಗೆ ಹತ್ತಿತು. ಕೆರೆದ ದಿನಗಳಲ್ಲೇ ಅದರ ಶಕ್ತಿಯೆಲ್ಲ ಹೋಗಿತ್ತು. ಕಣ್ಣು ಒಳಕ್ಕೆ ಇಳಿದವು. ವನಜ ಹಿಂಡಿದ ಹನಿ ಎಲೆಯ ಮೇಲೇ ಉಳಿಯತೊಡಗಿತು. ಒಂದು ಬೆಳಿಗ್ಗೆ ಅದು ಕೆಳಗೆ ಬಿದ್ದಿತ್ತು.

ವನಜ ಅಳಲಿಲ್ಲ. ಮರಿಗಳಿವೆಯಲ್ಲ ಎಂದಳು. ನೀರಿನ ಬಟ್ಟೆಯನ್ನು ಈಗ ಕಿಟಕಿಯಿಂದ ಕೈ ಚಾಚಿ ನನ್ನ ಮಣ್ಣಿನ ಮೇಲೆ ಹಿಂಡಿದಳು. ಮೊಟ್ಟೆ ಒಡೆಯಲು ಅರ್ಧ ವರ್ಷದ ಮೇಲೆ ಬೇಕು ಎಂದು ಮೊಬೈಲು ಹೇಳಿತ್ತು. ಅದನ್ನು ಅಪ್ಪನಿಗೆ ಓದಿ ಹೇಳಿ, “ಅಷ್ಟೊತ್ಗೆ ನಾನ್ ಇರ್ತೀನೇನಪ್ಪಾ?” ಅಂದಳು. ತಮಾಷೆಗೆ ಅಂದ ಹಾಗೆ ಅಂದಳು.

ಅದೇ ವಾರ ಡಾಕ್ಟರು ಕ್ಯಾತಪ್ಪನನ್ನು ಪಕ್ಕಕ್ಕೆ ಕರೆದಿದ್ದರು. ಹಿತ್ತಲಲ್ಲಿ ನನಗೆ ಒರಗಿ ಕೂತು ಅವನು ಅಕ್ಕನಿಗೆ ಹೇಳಿದ. ದೀಪಾವಳಿ ಕಂಡರೆ ಹೆಚ್ಚು ಅಂದರಂತೆ. ಓಬಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡಳು. ಕ್ಯಾತಪ್ಪ ತಿರುಗಿ ನನ್ನ ಮಣ್ಣನ್ನು ನೋಡಿದ.

“ತಣ್ಣಗೆ ಬಿದ್ದವೆ, ಅದಕ್ಕೇ ನಿಧಾನ,” ಅಂದ. “ಕಾವು ಕೊಟ್ರೆ ಬೇಗ ಒಡೀತವೆ ಕಣಕ್ಕ. ನಾನ್ ಕೂರಿಸಿದ್ದು ಯಾವತ್ತು ಕೆಟ್ಟೈತೆ?”

ವನಜ ನಿದ್ದೆ ಹೋಗಿದ್ದ ಒಂದು ಮಧ್ಯಾಹ್ನ ಅವನು ನನ್ನೊಳಗೆ ಕೈಯಿಟ್ಟು ಮೊಟ್ಟೆಗಳನ್ನು ಒಂದೊಂದಾಗಿ ತೆಗೆದ. ಮಣ್ಣು ಒರೆಸಿ, ಬಿಸಿಲಿಗೆ ಎತ್ತಿ ಹಿಡಿದು ನೋಡಿದ. ಜೀವದ ಕೆಂಪು ಎಳೆ ಕಂಡು ಅವನ ಮುಖ ಅರಳಿತು. ಗೂಡಿನಲ್ಲಿ ಕಾವಿಗೆ ಕೂತಿದ್ದ ಹೇಂಟೆಯ ಕೆಳಗೆ ಅವನ್ನು ಸೇರಿಸಿದ. ಇದ್ದಿಲು ಇಟ್ಟ, ಮೊಳೆ ಇಟ್ಟ. ಹೇಂಟೆ ತನ್ನ ಪದ್ಧತಿಯಂತೆ ಅವನ್ನು ದಿನವೂ ಉರುಳಿಸಿತು. ನನ್ನೊಳಗಿದ್ದಾಗ ಅವು ಇಟ್ಟಲ್ಲೇ ಇದ್ದವು, ಕದಲಿರಲಿಲ್ಲ. ಅದನ್ನು ಬಲ್ಲವನು ನಾನೊಬ್ಬನೇ. ನನಗೆ ಬಾಯಿ ಇದೆ, ಮಾತಿಲ್ಲ.

ಮಗಳಿಗೆ ಒಂದು ದಿನ ಇದ್ದಕ್ಕಿದ್ದಂತೆ ಮರಿ ತೋರಿಸಬೇಕೆಂದು ಅವನು ಈ ಸುದ್ದಿ ಹೇಳಿರಲಿಲ್ಲ. ಅವಳು ನನ್ನ ಬರಿ ಮಣ್ಣಿಗೆ ದಿನಾ ನೀರು ಹಿಂಡಿದಳು.

ಮೊಟ್ಟೆಗಳು ಕುಗ್ಗಿದವು, ಹಳದಿಯಾದವು. ಕೆಲವನ್ನು ಹೇಂಟೆಯೇ ಕುಕ್ಕಿ ಒಡೆಯಿತು. ಕ್ಯಾತಪ್ಪ ಉಳಿದವನ್ನು ಬಿಸಿಲಿಗೆ ಹಿಡಿದ. ಮತ್ತೆ ಹಿಡಿದ. ಸಂಜೆ ಅವನ್ನು ತಂದು ನನ್ನ ಮಣ್ಣಿನಲ್ಲಿ ಹೂತ. ಆಳಕ್ಕೆ ಇಡಲಿಲ್ಲ.

ಮಾರನೆಯ ಬೆಳಿಗ್ಗೆ ನೀರು ಹಿಂಡಲು ಬಗ್ಗಿದ ವನಜಳಿಗೆ ವಾಸನೆ ಬಡಿಯಿತು. ಬೆರಳು ಮಣ್ಣಿಗೆ ಹಾಕಿದಳು. ಕುಗ್ಗಿದ ಮೊಟ್ಟೆ ಸಿಕ್ಕಿತು. ಅದಕ್ಕೆ ಗೂಡಿನ ಹುಲ್ಲಿನ ಚೂರು, ಕೋಳಿಯ ಪುಕ್ಕ ಅಂಟಿತ್ತು. ಅವಳು ಅದನ್ನು ಬಹಳ ಹೊತ್ತು ಕೈಯಲ್ಲಿ ಹಿಡಿದಿದ್ದಳು. ಆಮೇಲೆ ಅಲ್ಲೇ ಇಟ್ಟು, ಮಣ್ಣು ಎಳೆದು, ಅಂಗೈಯಿಂದ ಸಮ ಮಾಡಿದಳು.

ಆ ದಿನಗಳಲ್ಲಿ ಕ್ಯಾತಪ್ಪ ಸರಿಯಾಗಿ ಉಣ್ಣಲಿಲ್ಲ. ಹೇಂಟೆಗಳನ್ನು ಕಾವಿಗೆ ಕೂರಿಸುವುದನ್ನೇ ಬಿಟ್ಟ. ಹಟ್ಟಿಯವರು ಮೊಟ್ಟೆ ತಂದರೆ ಬೇರೆಯವರ ಹತ್ತಿರ ಹೋಗಿ ಎನ್ನುತ್ತಿದ್ದ. ಮಗಳ ಕಿಟಕಿಯ ಕಡೆಗೆ ನೋಡುವುದನ್ನೂ ತಪ್ಪಿಸುತ್ತಿದ್ದ. ವನಜಳಿಗೆ ಈಗ ಕೂರಲು ಆಗುತ್ತಿರಲಿಲ್ಲ, ಉಸಿರು ಮೇಲೆ ಮೇಲೆ ಬರುತ್ತಿತ್ತು.

ದೀಪಾವಳಿಗೆ ಮುಂಚಿನ ಒಂದು ಬೆಳಿಗ್ಗೆ ಅವಳು ಅಪ್ಪನನ್ನು ಕರೆದಳು.

“ಅಪ್ಪಾ, ಒಂದ್ ಮರಿ ಬಂತು.”

ಕ್ಯಾತಪ್ಪ ಹಿತ್ತಲಲ್ಲಿ ನನ್ನ ಪಕ್ಕ ನಿಂತಿದ್ದ.

“ಎಲ್ಲವ್ವಾ?”

“ಬಾನಿಯಿಂದ ಎದ್ದು ಬಂತು. ನನ್ ಉಗುರಷ್ಟಿತ್ತು. ಕಿಟಕಿ ಹತ್ತಿ, ನನ್ನ ನೋಡಿ, ಬೇಲಿ ಕಡೆಗೆ ಹೋಯ್ತು. ನೀನ್ ಬರೋ ಹೊತ್ಗೆ ಇರ್ಲಿಲ್ಲ.”

ನನ್ನಿಂದ ಏನೂ ಎದ್ದಿರಲಿಲ್ಲ. ಅವಳ ಮಾತು ಮುಗಿಯುವ ತನಕ ಅವನ ಕಾಲುಗಳು ಅಲ್ಲೇ ಇದ್ದವು. ಆಮೇಲೆ ಬೇಲಿಯ ಕಡೆ ಹೋದವು. ಕತ್ತಲಾಗುವ ತನಕ ಒಂದೊಂದೇ ಕಡ್ಡಿ ಸರಿಸಿ ಹುಡುಕಿದ. ವಾಪಸು ಬಂದು ಕಿಟಕಿಯ ಬಳಿ ನಿಂತು, ಕಂಡೆ ಕಣವ್ವ, ಚೆನ್ನಾಗೈತೆ ಅಂದ. ಅವಳು ಹೂಂ ಅಂದಳು. ಆ ರಾತ್ರಿ ಅವನು ಉಂಡ.

ಅವಳು ಹಬ್ಬ ಕಾಣಲಿಲ್ಲ.

ಈಗ ಬಹಳ ಕಾಲವಾಯಿತು. ನನ್ನ ಮೈಯೆಲ್ಲ ಉಪ್ಪು ಎದ್ದು ಪುಡಿ ಉದುರುತ್ತದೆ. ನನ್ನಲ್ಲಿ ಮೆಣಸಿನ ಸಸಿ ನೆಡುತ್ತೇನೆ ಎಂದು ಓಬಮ್ಮ ಒಮ್ಮೆ ಗುದ್ದಲಿ ತಂದಿದ್ದಳು. ಕ್ಯಾತಪ್ಪ ಅವಳ ಕೈ ಹಿಡಿದ. ಮಣ್ಣು ಕೆದಕಬೇಡ ಅಂದ, ಅಷ್ಟೇ. ಬೆಳಗಾದರೆ ಈಗಲೂ ಮಿಡತೆ ಹಿಡಿದು ಬೇಲಿಯ ಮುಳ್ಳಿಗೆ ಸಿಕ್ಕಿಸಿ ಬರುತ್ತಾನೆ. ಇರುವೆಗಳು ಅವನ್ನು ಹೊತ್ತುಕೊಂಡು ಹೋಗುತ್ತವೆ. ಖಾಲಿ ಮುಳ್ಳು ನೋಡಿ ಅವನು, ತಿಂದೈತೆ, ಅನ್ನುತ್ತಾನೆ.