ವಿಳಾಸವಿಲ್ಲದ ಭಿತ್ತಿಪತ್ರ

ಖಾಲಿ ಗೋಡೆ ಕಂಡರೆ ಅಂಟುಮಾವನ ಕಾಲು ತಾನಾಗಿಯೇ ನಿಲ್ಲುತ್ತಿತ್ತು. ಹೆಗಲ ಚೀಲದಲ್ಲಿ ಅಂಟಿನ ಡಬ್ಬಿ, ಅದರ ಭಾರಕ್ಕೆ ಒಂದು ಕಡೆ ವಾಲಿದ ನಡಿಗೆ, ಬೇಸಿಗೆಯಲ್ಲೂ ಬಿಡದ ಬೂದು ಕೋಟು, ಅದರ ತೋಳಿನ ತುದಿಯಲ್ಲಿ ಒಣಗಿ ಗಟ್ಟಿಯಾದ ಅಂಟು. ಇಷ್ಟನ್ನು ಕಂಡರೆ ಸಾಕು, ಶನಿವಾರ ಹತ್ತಿರ ಬಂತೆಂದು ಬೀದಿಗೆಲ್ಲ ತಿಳಿಯುತ್ತಿತ್ತು. ವೃತ್ತಿಯಿಂದ ಅವನು ಕನ್ನಡಕದಂಗಡಿಯವನು. ಪ್ರವೃತ್ತಿಯಿಂದ, ಯಾರು ಬೇಕಾದರೂ ಬಳಸಿ, ತಿದ್ದಿ, ಹಂಚಬಹುದಾದ ಮುಕ್ತ ತಂತ್ರಾಂಶದ ಬಳಗಕ್ಕೆ ಏಕೈಕ ಪ್ರಚಾರಕ. ಕಣ್ಣು ಪರೀಕ್ಷಿಸುತ್ತಲೇ, "ನಿಮ್ಮ ಹಳೇ ಕಂಪ್ಯೂಟರ್ ಎಸೆದಿಲ್ಲ ತಾನೇ?" ಎಂದು ಶುರುಮಾಡುವನು. ಪರೀಕ್ಷೆಯ ದಪ್ಪ ಚೌಕಟ್ಟನ್ನು ಮೂಗಿಗೇರಿಸಿ ಕೂತವರು ಎದ್ದು ಓಡುವುದಾದರೂ ಎಲ್ಲಿಗೆ, ಪಾಪ.

ಪ್ರತಿ ಶನಿವಾರ ಗ್ರಂಥಾಲಯದ ಮಹಡಿಯಲ್ಲಿ ಸೇರುವ ಆ ಬಳಗದಲ್ಲಿದ್ದವರು ಬೆರಳೆಣಿಕೆಯ ಮಂದಿ, ಅವರೂ ಪರಸ್ಪರರಿಗೇ ಉಪದೇಶಿಸುವವರು. ಕೊನೆಗೆ ಗ್ರಂಥಪಾಲಕಿ ಹೇಳಿಯೇಬಿಟ್ಟಳು: "ಈ ಶನಿವಾರಾನೂ ಹೊಸಬರು ಬರದಿದ್ರೆ ಕೋಣೆ ಬೇರೆಯವರಿಗೆ ಕೊಡ್ತೀನಿ, ಬೇಜಾರು ಮಾಡ್ಕೋಬೇಡಿ." ಕೋಣೆ ಹೋದರೆ ಬಳಗವೂ ಹೋದಂತೆಯೇ. ಅವನಿಗೆ ಅನ್ನ ನೀರು ಸೇರದಾಯಿತು.

ಬಳಗ ಭಿತ್ತಿಪತ್ರ ಮಾಡಲು ಕುಳಿತಿತು. ಅದನ್ನು ಯಾವ ತಂತ್ರಾಂಶದಲ್ಲಿ ರಚಿಸಬೇಕು, ಅಕ್ಷರವಿನ್ಯಾಸವಾದರೂ ಮುಕ್ತವೇ ಎಂಬ ವಾಗ್ವಾದವೇ ವಾರವನ್ನೆಲ್ಲ ನುಂಗಿತು. ಶುಕ್ರವಾರ ಊರ ತುಂಬ ಅಂಟಿಸಿ ಬಂದವನು ಉಳಿದೊಂದು ಪ್ರತಿಯನ್ನು ಹೆಂಡತಿಯೆದುರು ಹೆಮ್ಮೆಯಿಂದ ಹರಡಿದ. ಸ್ವಾತಂತ್ರ್ಯ, ಸಹಕಾರ, ಪರವಾನಗಿ, ಎಲ್ಲವೂ ಇತ್ತು. ಅಡಿಯಲ್ಲಿ ಅವನ ಮೆಚ್ಚಿನ ಸಾಲು: 'ತಪ್ಪು ಕಂಡರೆ ತಿದ್ದಿ, ತಿದ್ದಿದ್ದನ್ನು ಹಂಚಿ.'

"ಎಲ್ಲಾ ಸರಿ ಕಣ್ರೀ, ಎಲ್ಲಿಗೆ ಬರ್ಬೇಕು? ಎಷ್ಟೊತ್ತಿಗೆ?" ಎಂದಳಾಕೆ.

ಮದುವೆಗೆ ಕರೆದು ಮನೆ ಯಾವುದೆಂದೇ ಹೇಳದಂತಾಗಿತ್ತು. ಬಳಗದ ಒಪ್ಪಿಗೆಯಿಲ್ಲದೆ ಒಂದಕ್ಷರ ಸೇರಿಸುವಂತಿಲ್ಲವೆಂಬ ನಿಯಮ ಮಾಡಿದವನೂ ಅವನೇ. "ಹೋಗ್ಲಿ ಬಿಡು, ನನ್ನ ಹಣೆಬರಹ," ಎಂದು ಗೋಡೆಗೆ ಮುಖ ಮಾಡಿ ಮಲಗಿದ.

ಶನಿವಾರ ಕೋಣೆಯ ಕೀಲಿ ಒಪ್ಪಿಸಲೆಂದು ತಲೆತಗ್ಗಿಸಿ ಮೆಟ್ಟಿಲು ಹತ್ತಿದರೆ, ಬಾಗಿಲೆದುರು ಜನ. ಚಾಲೂ ಆಗದ ಲ್ಯಾಪ್‌ಟಾಪನ್ನು ಮಗುವಿನಂತೆ ಎತ್ತಿಕೊಂಡ ದರ್ಜಿ, ಪಾಳಿ ಮುಗಿಸಿ ಬಂದ ದಾದಿ, ಇನ್ನೂ ಯಾರುಯಾರೋ.

"ಜಾಗ ಹೇಗೆ ಗೊತ್ತಾಯ್ತು?" ಎಂದನವನು.

"ಬಸ್ ನಿಲ್ದಾಣದಲ್ಲಿ ಯಾರೋ ಪೆನ್ನಲ್ಲಿ ಬರೆದಿದ್ರು," ಎಂದ ದರ್ಜಿ. "ನಮ್ಮ ಬೀದಿಯದ್ರಲ್ಲಿ ಇರ್ಲಿಲ್ಲ, ನಾನೇ ಬರೆದೆ. ಹಂಚಿ ಅಂತ ನೀವೇ ಹಾಕಿದ್ರಲ್ಲ?"

ಗುಂಪಿನ ಹಿಂದೆ, ಎಂದೂ ಆ ಮೆಟ್ಟಿಲು ಹತ್ತದ ಹೆಂಡತಿ ಬೆರಳ ಶಾಯಿಯನ್ನು ಸೆರಗಿಗೆ ಒರೆಸಿಕೊಳ್ಳುತ್ತಿದ್ದಳು. ಹೋದ ಜೀವ ಬಂದಂತಾಗಿ ಅವನು ಅಲ್ಲೇ ಮೆಟ್ಟಿಲ ಮೇಲೆ ಕುಳಿತ. ಕೀಲಿ ಕೈಯಲ್ಲೇ ಇತ್ತು.

ಇಂಥವರು ಲೋಕಕ್ಕೆಲ್ಲ ಬಾಗಿಲು ತೆರೆದಿಟ್ಟು, ಬಾಗಿಲು ಎಲ್ಲಿದೆ ಎಂಬುದನ್ನೇ ಹೇಳಲು ಮರೆಯುತ್ತಾರೆ. ಅವರ ಮಾತನ್ನು ಅವರಿಗಿಂತ ಹೆಚ್ಚು ನಂಬಿದವರು ಮನೆಯಲ್ಲೊಬ್ಬರಿದ್ದರೆ ಸಾಕು, ಉಳಿದದ್ದನ್ನು ಊರು ತಿದ್ದಿಕೊಳ್ಳುತ್ತದೆ.