ನಮ್ಮ ಗೇಟು ದಾಟಿಹೋದ ಬಟ್ಟಲು

ನನ್ನ ಗಂಡನಿಗೆ ಯಾರೂ ತಿನ್ನಲು ಕೊಡಬೇಡಿ ಎಂದು ನಾನು ಮನೆಮನೆಗೆ ಹೋಗಿ ಹೇಳಿ ಬಂದೆ. ನಮ್ಮದು ಬಿಟ್ಟರೆ ಈ ದಂಡೆಯಲ್ಲಿರುವುದೇ ಏಳು ಮನೆ. ಏಳಕ್ಕೂ ಹೋದೆ. ಚಿಲೊಯೆ ದ್ವೀಪದಲ್ಲಿ ಹುಟ್ಟಿದ ಹೆಂಗಸು ಮಾಡುವ ಕೆಲಸವಲ್ಲ ಇದು, ನನಗೂ ಗೊತ್ತು. ನಮ್ಮಲ್ಲಿ ಬಂದವನನ್ನು ಒಣಬಾಯಲ್ಲಿ ಕಳಿಸುವವಳಿಗಿಂತ ಕಳ್ಳಿ ವಾಸಿ. ಕೊಟ್ಟದ್ದನ್ನು ಬೇಡ ಎಂದವನು ಮತ್ತೆ ಆ ಬಾಗಿಲಿಗೆ ಹೋಗುವಂತಿಲ್ಲ. ಬೇಡ ಎನ್ನಲು ಅವನಿಗೆ ಬಾಯಿ ಬರದು, ಕೊಡದಿರಲು ಅವರಿಗೆ ಮನಸ್ಸು ಬರದು. ಕೊನೆಗೆ ಆಸ್ಪತ್ರೆಯಲ್ಲಿ ಅವನ ಕಾಲಬಳಿ ಕೂರುವವಳು ನಾನು ತಾನೆ.

ಮಾರ್ಚ್‌ನಲ್ಲಿ ನೊಲ್ಬೆರ್ತೊನ ಎಡಗಾಲಿನ ಹೆಬ್ಬೆರಳು ತೆಗೆದರು. ಸಕ್ಕರೆ ಕಾಯಿಲೆ. "ಹೀಗೇ ತಿಂತಾ ಇದ್ರೆ ಮುಂದಿನ ಸಲ ಬೆರಳಲ್ಲಮ್ಮ, ಕಾಲೇ ಹೋಗುತ್ತೆ" ಎಂದಳು ನರ್ಸ್. ಊಟ ಬಲ್ಲವನಿಗೆ ರೋಗವಿಲ್ಲವಂತೆ. ಊಟವನ್ನು ನನ್ನ ಗಂಡನಷ್ಟು ಬಲ್ಲವನು ಈ ದ್ವೀಪದಲ್ಲೇ ಇಲ್ಲ. ಗಾದೆ ಕಟ್ಟಿದವರನ್ನು ಕರೆತಂದು ಆ ಕಾಲು ತೋರಿಸಬೇಕು ಅನಿಸಿತು ನನಗೆ.

ನಲವತ್ತು ವರ್ಷ ನಾನು ಮಾಡುವವಳು, ಅವನು ಹೇಳುವವನು. ಚಳಿಗಾಲದ ಬೆಳಗ್ಗೆ ನಾನು ಬ್ರೆಡ್ಡಿಗೆ ಹಿಟ್ಟು ನಾದುವಾಗ ಒಲೆಯ ಪಕ್ಕದ ಬೆಂಚಿನಲ್ಲಿ ಬಂದು ಕೂರುತ್ತಿದ್ದ. ಬ್ರೆಡ್ ಈಚೆ ತೆಗೆದರೆ ತಳ ತಟ್ಟಿ ಕಿವಿಗಿಟ್ಟು, "ಒಳಗೆ ಇನ್ನೂ ಅಳ್ತಿದೆ ಮುದುಕಿ, ಎರಡು ನಿಮಿಷ ಇಡು" ಎನ್ನುತ್ತಿದ್ದ. ಹೊಗೆಯಲ್ಲಿ ಒಣಗಿಸಿದ ಚಿಪ್ಪಿನ ಸಾರಾಗಲಿ, ಹುರಿಹಿಟ್ಟಿಗೆ ಜೇನು ಹಾಕಿ ಕಲಸಿದ್ದಾಗಲಿ, ತುತ್ತುತುತ್ತಿಗೂ ಅವನ ಮಾತು ಬೇಕು. ಉಪ್ಪು ಎಲ್ಲಿ ನಿಂತಿದೆ, ಬೆಣ್ಣೆ ಯಾವಾಗ ಬಂತು, ಒಲೆಗೆ ಹಾಕಿದ್ದು ಯಾವ ಮರ, ಎಲ್ಲ ಹೇಳುತ್ತಿದ್ದ. ತಲೆ ತಿನ್ನುತ್ತಾನೆ ಎಂದು ನಾನು ಬೈಯುತ್ತಿದ್ದೆ.

ಮಾರ್ಚ್ ಆದಮೇಲೆ ಹಂದಿಯ ಕೊಬ್ಬು ಅಡುಗೆಮನೆಯಿಂದ ಹೊರಗೆ ಹೋಯಿತು. ಬೇಯಿಸಿದ ಮೀನು, ಎಲೆಕೋಸು, ಅಂಗೈಯಗಲದ ಒಂದು ಬ್ರೆಡ್ ಚೂರು. ಅವನು ತುಟಿ ಬಿಚ್ಚದೆ ಉಂಡು, "ದೋಣಿ ನೋಡ್ಕೊಂಡ್ ಬರ್ತೀನಿ" ಎಂದು ಎದ್ದು ಹೋಗುತ್ತಿದ್ದ. ದೋಣಿ ಏಪ್ರಿಲ್‌ನಿಂದ ದಂಡೆಯ ಮೇಲೆ ಬೋರಲು ಬಿದ್ದಿತ್ತು. ವಾಪಸು ಬಂದರೆ ಮೀಸೆ ಮಿರಮಿರ.

"ಈಗೀಗ ದೋಣಿಗೂ ಹಂದಿ ಕೊಬ್ಬು ಬಳೀತಾರಾ?" ಎಂದು ಕೇಳಿದೆ.

"ಒಂದೇ ಒಂದು ಕರಿದ ರೊಟ್ಟಿ ಕಣೇ. ಒರ್ಫೆಲಿನಾ ಕರೀತಾ ಇದ್ಲು. ಬೇಡ ಅಂದ್ರೆ ಬೇಜಾರ್ ಮಾಡ್ಕೊಳಲ್ವಾ?"

"ನಿನ್ನ ಕಾಲು ಬೇಜಾರ್ ಮಾಡ್ಕೊಳಲ್ವಾ?"

ಮಾರನೆಯ ದಿನವೇ ನಾನು ಶಾಲು ಹೊದ್ದು ಹೊರಟೆ. ಒರ್ಫೆಲಿನಾ ಪಕ್ಕದ ಮನೆಯವಳು, ಜ್ಞಾನಸ್ನಾನದ ದಿನ ನನ್ನ ಮಗಳನ್ನು ಎತ್ತಿ ಹಿಡಿದವಳು. ಅಂದಿನಿಂದ ನಾವಿಬ್ಬರೂ ಒಬ್ಬರಿಗೊಬ್ಬರು ಕೊಮಾದ್ರೆ. ನನ್ನ ಮಾತು ಕೇಳಿ ಅವಳು ಸೌಟು ಕೆಳಗಿಟ್ಟಳು.

"ಬಂದೋನಿಗೆ ಮತ್ತೇನ್ ಕೊಡ್ಲಿ ಕೊಮಾದ್ರೆ, ಬೈಗುಳಾನಾ?"

"ಅದನ್ನ ಮನೇಲಿ ನಾನೇ ಕೊಡ್ತೀನಿ. ನೀನು ಏನೂ ಕೊಡ್ಬೇಡ."

"ಏನೂ ಕೊಡ್ದೆ ಹೇಗ್ ಕೂರಿಸ್ಲಿ?"

"ಅದು ನಿಂಗೆ ಬಿಟ್ಟಿದ್ದು" ಎಂದು ಬಂದುಬಿಟ್ಟೆ. ಅವಳ ಆ ಪ್ರಶ್ನೆಗೆ ನಾನು ಅವತ್ತೇ ಅಲ್ಲೇ ನಿಂತು ಯೋಚಿಸಬೇಕಿತ್ತು.

ಏಳು ಮನೆಯವರೂ ನನ್ನ ಮಾತು ನಡೆಸಿದರು. ಏನೂ ಕೊಡದೆ ಕೂರಿಸಲು ಅವರಿಗೆ ಬರುವುದಿಲ್ಲ, ಹಾಗಾಗಿ ಬಾಗಿಲು ತೆಗೆಯುವುದನ್ನೇ ಬಿಟ್ಟರು. ಚಿಮಣಿಯಲ್ಲಿ ಹೊಗೆ ಇರುತ್ತಿತ್ತು, ನಾಯಿ ಬೊಗಳುತ್ತಿತ್ತು, ಬಾಗಿಲು ಮಾತ್ರ ತೆರೆಯುತ್ತಿರಲಿಲ್ಲ. ನೊಲ್ಬೆರ್ತೊ ಅರ್ಧ ಗಂಟೆಯಲ್ಲಿ ವಾಪಸು ಬರತೊಡಗಿದ. ಆಮೇಲೆ ಹೋಗುವುದನ್ನೇ ನಿಲ್ಲಿಸಿದ. ಜೂನ್‌ನಲ್ಲಿ ನರ್ಸ್ ರಕ್ತ ನೋಡಿ ಶಭಾಷ್ ಎಂದಳು. ನಾನು ಹಿಗ್ಗಿದೆ. ಅವನು ಬೆಂಚನ್ನು ಒಲೆಯ ಬಳಿಯಿಂದ ಎಳೆದು ಕಿಟಕಿಯ ಬಳಿ ಹಾಕಿಕೊಂಡ. ದಿನಕ್ಕೆ ನಾಲ್ಕು ಮಾತು ಆಡಿದರೆ ಹೆಚ್ಚು.

ಇನ್ನೊಂದು ವಿಷಯವನ್ನೂ ಹೇಳಿಬಿಡುತ್ತೇನೆ, ಬೈದರೆ ಬೈಯಿರಿ. ಹಸಿ ಆಲೂಗಡ್ಡೆ ತುರಿದು ಹಿಂಡಿ, ಬೆಂದದ್ದನ್ನು ಸೇರಿಸಿ, ಕೊಬ್ಬು ಹಾಕಿ ಕಲಸಿ ಸುಟ್ಟ ಮಿಲ್ಕಾವ್ ಇಲ್ಲದೆ ನನಗೆ ಚಳಿಗಾಲ ಕಳೆಯುವುದಿಲ್ಲ. ಕಟ್ಟಿಗೆ ಮನೆಯಲ್ಲಿ ಒಂದು ಡಬ್ಬಿ ಕೊಬ್ಬು ಬಚ್ಚಿಟ್ಟಿದ್ದೆ. ಅವನು ಮಧ್ಯಾಹ್ನ ಮಲಗಿದಾಗ ಎರಡು ಮಿಲ್ಕಾವ್ ಸುಟ್ಟು, ಶಾಲಿನಂಚಿನಲ್ಲಿ ಸುತ್ತಿಕೊಂಡು ಹೋಗಿ, ಸೌದೆಯ ಮಧ್ಯೆ ನಿಂತೇ ತಿನ್ನುತ್ತಿದ್ದೆ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ನಾಲಿಗೆ ಸುಡುತ್ತಿತ್ತು, ನಾಚಿಕೆ ಅದಕ್ಕಿಂತ ಹೆಚ್ಚು ಸುಡುತ್ತಿತ್ತು. ಆದರೂ ಬಿಡಲಿಲ್ಲ.

ನಮ್ಮ ಕಡೆ ಚಳಿ ಕೊರೆಯುವ ಜುಲೈನಲ್ಲಿ ಒರ್ಫೆಲಿನಾಳ ಮನೆಯಲ್ಲಿ ಹಂದಿ ಕೊಯ್ದರು. ಹಂದಿ ಕೊಯ್ದ ದಿನ ಮಾಂಸ, ಮಿಲ್ಕಾವ್, ಕರಿದ ರೊಟ್ಟಿ ಎಲ್ಲ ತುಂಬಿದ ಬಟ್ಟಲು, ನಾವು ಯೋಕೊ ಎನ್ನುತ್ತೇವೆ, ದಂಡೆಯ ಪ್ರತಿ ಮನೆಗೂ ಹೋಗಬೇಕು. ಅವರ ಮನೆಯ ಕಬ್ಬಿಣದ ಬಾಣಲೆಯನ್ನು ಮೂವತ್ತು ವರ್ಷ ತಿರುವಿದವನು ನೊಲ್ಬೆರ್ತೊ. ಕೊಬ್ಬು ಚಟಪಟ ಎನ್ನುವ ಸದ್ದು ಕೇಳಿಯೇ ಮಾಂಸ ಬೆಂದಿತೋ ಇಲ್ಲವೋ ಹೇಳುತ್ತಿದ್ದ. ಈ ವರ್ಷ ಯಾರೂ ಕರೆಯಲಿಲ್ಲ. ಆದರೂ ಬೆಳಗ್ಗೆಯೇ ಗಡ್ಡ ಬೋಳಿಸಿಕೊಂಡು, ಒಗೆದ ಸ್ವೆಟರ್ ಹಾಕಿಕೊಂಡು ಕಿಟಕಿಯಲ್ಲಿ ಕೂತ.

ಮಧ್ಯಾಹ್ನದ ಹೊತ್ತಿಗೆ ಒರ್ಫೆಲಿನಾಳ ಹೆಣ್ಣುಮಕ್ಕಳಿಬ್ಬರು ಬಟ್ಟೆ ಮುಚ್ಚಿದ ಬಟ್ಟಲು ಹಿಡಿದು ಹೊರಟರು. ಮೇಲಿನ ಮನೆಗೆ ಹೋದರು. ಚರ್ಚಿನ ಪಕ್ಕದ ಮನೆಗೆ ಹೋದರು. ನಮ್ಮ ಗೇಟಿನ ಮುಂದೆ ಮಾತ್ರ ತಲೆ ತಗ್ಗಿಸಿಕೊಂಡು ಬಿರಬಿರನೆ ದಾಟಿದರು. ಸದ್ಯ, ಒರ್ಫೆಲಿನಾ ಮಾತಿಗೆ ತಪ್ಪಲಿಲ್ಲ ಎಂದುಕೊಂಡೆ. ನಿಜವಾಗಿಯೂ ಹಾಗೇ ಅಂದುಕೊಂಡೆ ನಾನು.

"ಮುದುಕಿ," ಎಂದ ನೊಲ್ಬೆರ್ತೊ, ಕಿಟಕಿಯಿಂದ ಮುಖ ತಿರುಗಿಸದೆ. "ಬಟ್ಟಲು ಹೋಗದೇ ಇರೋದು ಎಂಥ ಮನೆಗೆ?"

ನಾನು ಒಲೆಗೆ ಒಂದು ಸೌದೆ ತುರುಕಿದೆ.

"ಜಗಳ ಆದ ಮನೆಗೆ. ಇಲ್ಲಾಂದ್ರೆ ಯಾರೂ ಇಲ್ಲದ ಮನೆಗೆ. ನಮಗೇನೂ ಜಗಳ ಆಗಿಲ್ವಲ್ಲ."

ಅವನು ಅಳಲಿಲ್ಲ, ಕೂಗಲಿಲ್ಲ. ಕಾಲು ಉಳಿಸಲು ಹೋಗಿ ಇಡೀ ಮನುಷ್ಯನನ್ನು ಊರಿನಿಂದ ಎತ್ತಿ ಹೊರಗೆ ಹಾಕಿದ್ದೆ. ಶಾಲನ್ನೂ ಹೊದೆಯದೆ ಹೊಲ ದಾಟಿ ಓಡಿದೆ.

ಒರ್ಫೆಲಿನಾ ಅಂಗಳದಲ್ಲಿ ಬಾಣಲೆಯ ತಳ ಕೆರೆಯುತ್ತಿದ್ದಳು. ಸೀದ ವಾಸನೆ ಇತ್ತು.

"ನಮ್ಮನೆಗೆ ಯಾಕೆ ಕಳಿಸ್ಲಿಲ್ಲ?" ಎಂದೆ.

"ನೀನೇ ತಾನೆ ಹೇಳಿದ್ದು?" ಅವಳಿಗೆ ಸಿಟ್ಟು ಬಂದಿತ್ತು. "ತಿಂಗಳುಗಟ್ಟಲೆ ಹಲ್ಲು ಕಚ್ಕೊಂಡು ಬಾಗಿಲು ಹಾಕ್ಕೊಂಡಿದೀನಿ. ಇವತ್ತು ನಿಮ್ಮ ಬಟ್ಟಲು ತುಂಬಿಸಿ, ಆಮೇಲೆ ನಾನೇ ಖಾಲಿ ಮಾಡ್ದೆ. ಈಗ ಬಂದು ಯಾಕೆ ಅಂತೀಯಾ?"

"ಅದು ಅವನಿಗಲ್ಲ ಕೊಮಾದ್ರೆ, ಮನೆಗೆ. ಆ ಮನೇಲಿ ನಾವಿನ್ನೂ ಇದೀವಿ."

ಅವಳು ಬಾಣಲೆ ಕೆರೆಯುವುದನ್ನು ನಿಲ್ಲಿಸಿದಳು. "ಹಾಗಾದ್ರೆ ತಗೊಂಡೋಗು."

"ನಾನು ಕೇಳಿ ತಗೊಂಡೋದ್ರೆ ಭಿಕ್ಷೆ ಆಗುತ್ತೆ. ನೀನೇ ತಾ."

ಅವಳು ಕೈ ಒರೆಸಿಕೊಂಡು ಒಳಗೆ ಹೋಗಿ ಬಟ್ಟಲು ತುಂಬಿಸಿಕೊಂಡು ಬಂದಳು. ಹೊಲದುದ್ದಕ್ಕೂ ಬಟ್ಟಲು ಹಿಡಿದು ಅವಳು ಮುಂದೆ, ನಾನು ಹಿಂದೆ.

ಅವಳನ್ನು ಬಾಗಿಲಲ್ಲಿ ಕಂಡು ನೊಲ್ಬೆರ್ತೊ ಕೋಲೂರಿ ಎದ್ದ. ಕೋಲನ್ನು ಗೋಡೆಗೆ ಒರಗಿಸಿ ಎರಡೂ ಕೈಯಲ್ಲಿ ಬಟ್ಟಲು ತೆಗೆದುಕೊಂಡ. ಬಟ್ಟೆ ಸರಿಸಿ ಮೂಸಿ ನೋಡಿದ.

"ಸೀದಿದೆ."

"ಸೀದಿದೆ," ಎಂದಳು ಒರ್ಫೆಲಿನಾ. "ತಿರುವೋಕೆ ಜನ ಇರ್ಲಿಲ್ಲ."

"ಜನ ಇದ್ರು. ಕರೀಲಿಲ್ಲ."

ಒರ್ಫೆಲಿನಾ ಏಪ್ರನ್ನಿನಿಂದ ಮುಖ ಮುಚ್ಚಿಕೊಂಡಳು.

"ಮುಂದಿನ ಸಲ ಬಾಣಲೆ ಹತ್ರ ಒಂದು ಕುರ್ಚಿ ಹಾಕು," ಎಂದ ಅವನು. "ತಿನ್ನೋಕೆ ಕೊಡ್ಬೇಡ. ಸದ್ದು ಕೇಳೋಕೆ ಬರ್ತೀನಿ."

ಅವಳು ಹೋದಮೇಲೆ ಅವನು ಮಾಂಸದ ಅತಿ ಸಣ್ಣ ಚೂರೊಂದನ್ನು ಆರಿಸಿ ಬಾಯಿಗೆ ಹಾಕಿಕೊಂಡು ಬಹಳ ಹೊತ್ತು ಅಗಿದ. ಆಮೇಲೆ ಬಟ್ಟಲನ್ನು ನನ್ನ ಕಡೆ ತಳ್ಳಿದ.

"ತಿನ್ನು."

"ನಂಗೆ ಬೇಡ."

"ಕಟ್ಟಿಗೆ ಮನೇಲಾದ್ರೆ ಬೇಕು, ಇಲ್ಲಿ ಬೇಡ್ವಾ?"

"ನಿಂಗೆ ಗೊತ್ತಿತ್ತಾ?"

"ಹೋಗಿರೋದು ಹೆಬ್ಬೆರಳು ಮುದುಕಿ. ಮೂಗು ಇದೆ." ಅವನ ದನಿಯಲ್ಲಿ ಕೋಪವಿರಲಿಲ್ಲ. ಅದನ್ನೇ ನನಗೆ ತಡೆಯಲಾಗಲಿಲ್ಲ. "ಇನ್ಮೇಲೆ ಕದ್ದು ತಿನ್ಬೇಡ. ಇಲ್ಲಿ ನನ್ನೆದುರಿಗೆ ಕೂತು ತಿನ್ನು. ತಿಂದು, ಹೇಗಿದೆ ಹೇಳು."

ಮಿಲ್ಕಾವ್ ಮುರಿದು ಬಾಯಿಗಿಟ್ಟೆ. ಜನ್ಮದಲ್ಲಿ ನಾನು ರುಚಿಯ ಬಗ್ಗೆ ಮಾತಾಡಿದವಳಲ್ಲ, ಅದು ಅವನ ಕೆಲಸವಾಗಿತ್ತು. ಕಣ್ಣೀರು ಬೇರೆ ಬಾಯಿಗೇ ಇಳಿಯುತ್ತಿತ್ತು.

"ಬಿಸಿ ಇದೆ," ಎಂದೆ.

"ಒಲೇನೂ ಬಿಸಿ ಇದೆ. ಸರಿಯಾಗಿ ಹೇಳು."

"ಹೊರಗಡೆ ಗರಿಗರಿ ಇದೆ. ನಡುವೆ ಆಲೂಗಡ್ಡೆ ಸ್ವಲ್ಪ ಹಸಿ. ಉಪ್ಪು... ಉಪ್ಪು ಕಮ್ಮಿ. ಕೊಬ್ಬು ಕೊನೇಲಿ ಬರ್ತಿದೆ."

ನೊಲ್ಬೆರ್ತೊ ಕಣ್ಣು ಮುಚ್ಚಿಕೊಂಡು ಕೇಳುತ್ತಿದ್ದ. ಬರಿಬಾಯಲ್ಲೇ ಒಮ್ಮೆ ನುಂಗಿದ.

"ಹ್ಞೂ," ಎಂದ. "ಇನ್ನೊಂದು ತುತ್ತು."