ಅಮಾವಾಸ್ಯೆ ತಪ್ಪಿಸಿದ ಹಲ್ಲಿನ ಬಿಲ್ಲು

ಹಲ್ಲು ಅಲುಗಾಡಿದರೆ ಊಟಕ್ಕಷ್ಟೇ ತೊಂದರೆ ಎಂದು ನಾವು ತಿಳಿದಿರುತ್ತೇವೆ. ಸೇಡಂನ ಲಕ್ಷ್ಮೀಬಾಯಿಯವರನ್ನು ಕೇಳಿದರೆ ಬೇರೆಯೇ ಹೇಳುತ್ತಾರೆ.

ಅವರ ಓಣಿಯ ಹನುಮಪ್ಪನ ಗುಡಿಯಲ್ಲಿ ಸಂಜೆ ದೀಪ ಹಚ್ಚಿದ ಮೇಲೆ ಹೆಣ್ಣುಮಕ್ಕಳು ಕೂಡಿ ಪದ್ಯ ಹೇಳುತ್ತಾರೆ. ಮೊದಲ ಸಾಲು ಎತ್ತಿಕೊಡುವವರು ಯಾವಾಗಲೂ ಲಕ್ಷ್ಮೀಬಾಯಿ. ಓದಿ ಕಲಿತದ್ದಲ್ಲ; ಅಪ್ಪನ ಮಗ್ಗುಲಲ್ಲಿ ಕುಳಿತು, ಕೇಳಿ ಕೇಳಿ ನಾಲಿಗೆಗೆ ಬಂದದ್ದು. ಈಗ ಕೆಲವು ತಿಂಗಳಿಂದ ಅವರು ಕಂಬದ ಹಿಂದೆ, ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಕೂಡುತ್ತಿದ್ದರು. ಬೇರೆಯವರು ಸಾಲನ್ನು ಮುರಿಯಬಾರದ ಕಡೆ ಮುರಿದರೆ, ಇವರ ಗಂಟಲಲ್ಲಿ ಸರಿಯಾದ ಸಾಲು ಏಳುತ್ತಿತ್ತು. ತುಟಿಯವರೆಗೆ ಬಂದು ನಿಲ್ಲುತ್ತಿತ್ತು.

ಆದದ್ದಿಷ್ಟು. ಅವರ ಮೇಲಿನ ಮುಂದಿನ ಹಲ್ಲುಗಳು ವಸಡು ಬಿಟ್ಟಿದ್ದವು. ಹಲ್ಲಿನ ಡಾಕ್ಟರ್ ಮೈತ್ರಿ, "ಕಿತ್ತ ದಿನಾನೇ ಸೆಟ್ ಕೂಡಿಸ್ತೀನ್ರಿ. ಬೋಳು ಬಾಯಿ ಇಟಗೊಂಡು ಇರೂದು ಬ್ಯಾಡ" ಎಂದರು. ಮೊದಲೇ ಅಳತೆ ತೆಗೆದು, ಕಟ್ಟು ಹಲ್ಲಿನ ಸೆಟ್ ಮಾಡಿಸಿಟ್ಟು, ಹಲ್ಲು ಕಿತ್ತ ಕೂಡಲೇ ಕೂಡಿಸಿದರು. ಗಾಯ ಮಾಯ್ದಂತೆ ವಸಡು ಇಳಿಯುತ್ತದೆ, ಸೆಟ್ ಸಡಿಲಾಗುತ್ತದೆ, ಆಗ ಒಳಬದಿ ತುಂಬಿಸಿ ಬಿಗಿ ಮಾಡಿಸಬೇಕು ಎಂದೂ ಹೇಳಿದ್ದರು.

ಹಾಗೆಯೇ ಸಡಿಲಾಯಿತು. ಊಟಕ್ಕೆ ಹೇಗೋ ನಡೆಯುತ್ತಿತ್ತು. ಪದ್ಯಕ್ಕೆ ಬಾಯಿ ತೆರೆದರೆ ಸೆಟ್ ಜಾರಿ ನಾಲಿಗೆಯ ಮೇಲೆ ಬೀಳುತ್ತಿತ್ತು. ಬಿಗಿ ಮಾಡಿಸುವ ಮಾತೆತ್ತಿದರೆ ಶಾಲೆಯಲ್ಲಿ ಮಾಸ್ತರರಾಗಿದ್ದ ಗಂಡ ವಿಠ್ಠಲರಾಯರು ಮುಖ ತಿರುಗಿಸುತ್ತಿದ್ದರು. ಮಗ ಸುಜಯನ ಕಚೇರಿ ತಂದೆ-ತಾಯಿಯ ಚಿಕಿತ್ಸೆಯ ಖರ್ಚನ್ನು ಮರಳಿ ಕೊಡುತ್ತದೆ. ಆದರೆ ಕಾಗದ ಸರಿಯಿಲ್ಲವೆಂದು ಈ ಹಲ್ಲಿನ ಬಿಲ್ಲು ತಿರುಗಿ ಬಂದಿತ್ತು. ಅದು ಇತ್ಯರ್ಥವಾಗುವ ತನಕ ಮುಂದಿನ ಖರ್ಚಿಗೆ ಒಪ್ಪಿಗೆ ಇಲ್ಲವೆಂದು ಕಚೇರಿ ಬರೆದಿತ್ತು.

ಒಂದು ರವಿವಾರ ಪಕ್ಕದ ಮನೆಯ ತಬಸ್ಸುಮ್ ಬಂದಳು. ಅವಳು ಶಹಾಬಾದಿನ ಒಂದು ಕಚೇರಿಯಲ್ಲಿ ಇಂಥ ಬಿಲ್ಲುಗಳನ್ನೇ ನೋಡುವವಳು.

"ಕಾಕು, ಮುಂಜಾನಿ ಮನ್ಯಾಗ ನಿಮ್ಮ ಪದ ಶುರು ಆತಂದ್ರ ನಾ ಚಾಕ್ಕ ನೀರು ಇಡತಿದ್ದೆ. ಈಗ ದಿನಾ ಬಸ್ ತಪ್ಪಲಾಕತ್ತದ."

ಲಕ್ಷ್ಮೀಬಾಯಿ ನಕ್ಕರು. ನಗುವಿಗೂ ಸೆರಗು ಅಡ್ಡ ಬಂತು. "ಸೆಟ್ ಸಡ್ಲ ಆಗ್ಯದವಾ. ಹೇಳ್ಬೇಕಂತ ಭಾಳ ಆಸೆ ಅದ. ದೇವರ ಮುಂದ ಬಾಯಿ ಮುಚಗೊಂಡು ಕುಂತ್ರ, ಉಂಡರೂ ಹಸಿವು ಹೋಗದಂಗ ಆಗ್ತದ."

"ಆ ಕಚೇರಿಯವ್ರಿಗೆ ಕೊಡೋ ಮನಸ್ಸಿಲ್ಲ, ಕಾಗದದ ನೆವ ಹೇಳ್ತಾರ," ಎಂದರು ವಿಠ್ಠಲರಾಯರು ಪಡಸಾಲೆಯಿಂದ. "ಹಲ್ಲು ಕಿತ್ತದ್ದು ಖರೆ, ಕೂಡಿಸಿದ್ದು ಖರೆ. ಮತ್ತೇನು ಬೇಕಂತ?"

"ತೋರಸ್ರಿ ಮಾಸ್ತರ್. ನಾನೂ ದಿನಾ ಇಂಥ ನೆವಾನೇ ಹೇಳಾಕಿ."

ತಬಸ್ಸುಮ್ ಕಾಗದಗಳನ್ನು ಒಂದೊಂದಾಗಿ ನೋಡಿದಳು. "ಕೀಳೂಕಿಂತ ಮೊದಲಿನ ಎಕ್ಸ್‌ರೇ ಅದ, ಛಲೋ ಆತು. ಕಿತ್ತ ಮ್ಯಾಲ ಹಿಂದಿಂದು ತೋರಸ್ಲಿಕ್ಕೆ ಬರಂಗಿಲ್ಲ. ಯಾವ್ಯಾವ ಹಲ್ಲು, ಯಾಕ ಕಿತ್ತಾರ ಅಂತ ಡಾಕ್ಟರ್ ಚೀಟಿಯೊಳಗ ಬರದಾರ. ಬಿಲ್ಲಿನಾಗ ಕೀಳೂದು ಬ್ಯಾರೆ, ಸೆಟ್ ಬ್ಯಾರೆ ತೋರಿಸ್ಯಾರ." ಅವಳ ಬೆರಳು ನಿಂತಿತು. "ಆದ್ರ ಚೀಟಿಯೊಳಗ ಒಂದು ತಾರೀಖು, ಬಿಲ್ಲಿನಾಗ ಮರುದಿನದ್ದು. ಇದು ಹೆಂಗಾತ್ರಿ?"

"ಕೌಂಟರಿನಾಗ ತಪ್ಪಿರಬೇಕು," ಎಂದರು ರಾಯರು.

ಲಕ್ಷ್ಮೀಬಾಯಿ ನೆಲ ನೋಡುತ್ತ ಕುಳಿತಿದ್ದರು. ಅಂದು ಹೊಸ ಸೆಟ್ಟನ್ನು ಕಚ್ಚಿ ಹಿಡಿದು ದವಾಖಾನೆಯ ಬೆಂಚಿನ ಮೇಲಿದ್ದಾಗ, ಗಂಡ ಕೌಂಟರಿಗೆ ಬಾಗಿ ಮೆಲ್ಲಗೆ ಕೇಳಿದ್ದನ್ನು ಅವರು ಕೇಳಿಸಿಕೊಂಡಿದ್ದರು. ಆಗ ಮಾತಾಡುವಂತಿರಲಿಲ್ಲ. ಆಮೇಲೂ ಆಡಿರಲಿಲ್ಲ.

"ಅವ್ರದು ತಪ್ಪಿಲ್ಲ, ನೀವೇ ಬರಸಿದ್ರಿ," ಎಂದರು. "ಅವತ್ತು ಅಮಾಸಿ ಇತ್ತು. ಹೊಸಾ ಹಲ್ಲು ಬಂದದ್ದು ಅಮಾಸಿ ದಿನ ಅಂತ ಕಾಗದದಾಗ ಇರೂದು ಬ್ಯಾಡ, ಪಾಡ್ಯದ ತಾರೀಖು ಹಾಕ್ರಿ ಅಂದ್ರಿ."

ರಾಯರು ಕನ್ನಡಕ ತೆಗೆದು ಒರೆಸಿದರು. "ನಿನ್ನ ಛಲೋದಕ್ಕೇ ಅಂದೆ. ಒಂದು ದಿನದಾಗ ಏನದ?"

"ಕಿತ್ತ ದಿನಾನೇ ಕೂಡಿಸೂ ಸೆಟ್ ಇದು, ಮಾಸ್ತರ್," ಎಂದಳು ತಬಸ್ಸುಮ್. "ಕಾಗದ ನೋಡಾವ್ರಿಗೆ ತಾರೀಖೇ ಸಾಕ್ಷಿ. ಎರಡು ಕಾಗದ ಎರಡು ಮಾತು ಹೇಳಿದ್ರ ಯಾವುದು ನಂಬೂದು? ನಾ ಇದ್ರೂ ವಾಪಸ್ ಕಳಸ್ತಿದ್ದೆ."

"ನಮ್ಮ ಓಣಿಯವ್ರದು ಅಂದ್ರೂ?" ಎಂದರು ರಾಯರು.

"ಓಣಿಯವ್ರದು ಮೊದಲ ಕಳಸ್ತಿದ್ದೆ. ಇನ್ನೂ ಕೆಟ್ಟಿಲ್ಲ, ಡಾಕ್ಟರ್ ಕಡೆ ಹೋಗಿ ಖರೆ ತಾರೀಖಿನ ಬಿಲ್ಲು ತರ್ರಿ."

"ಏನಂತ ಹೋಗ್ಲಿ? ಮಕ್ಕಳಿಗೆ ಪಾಠ ಹೇಳಿದ ಮಾಸ್ತರ್ ಸುಳ್ಳು ತಾರೀಖು ಬರಸಿದ ಅಂತನಾ?"

ಲಕ್ಷ್ಮೀಬಾಯಿ ಎದ್ದರು. "ನನ್ನ ನೋವು ಹೋದದ್ದು ಅಮಾಸಿ ದಿನ. ಆ ದಿನಾನೂ ದೇವರದೇ ಅಲ್ಲೇನ್ರಿ? ನೀವು ಬರದಿದ್ರ ನಾನೇ ಹೋಗ್ತೀನಿ. ನನಗ ಪದ್ಯ ಹೇಳಬೇಕಾಗ್ಯದ."

ತನಗೆ ಇದು ಬೇಕು ಎಂದು ಆ ಮನೆಯಲ್ಲಿ ಹೆಂಡತಿ ಹೇಳಿದ್ದನ್ನು ರಾಯರು ಅಂದಿನವರೆಗೂ ಕೇಳಿರಲಿಲ್ಲ. ಮರುದಿನ ರಾಯರೇ ಮೊದಲು ಚಪ್ಪಲಿ ಮೆಟ್ಟಿದರು.

ಡಾಕ್ಟರ್ ಮೈತ್ರಿ ಗದರಲಿಲ್ಲ. "ನಮ್ಮದೂ ತಪ್ಪದ್ರಿ. ಕೇಳಿದ್ರಂತ ಬರದು ಕೊಡಬಾರದಿತ್ತು," ಎಂದು ಹಳೆಯ ಬಿಲ್ಲು ರದ್ದು ಮಾಡಿದರು. ನಿಜವಾದ ತಾರೀಖಿನ ಬಿಲ್ಲನ್ನೂ, ತಪ್ಪು ಹೇಗಾಯಿತೆಂಬ ಪತ್ರವನ್ನೂ ಸಹಿ, ಮೊಹರು ಹಾಕಿ ಕೊಟ್ಟರು. "ಮುಂದ ಸೆಟ್ ಬಿಗಿ ಮಾಡಿದಾಗ ಆ ಬಿಲ್ಲಿಗೂ ಮಾಡಿದ ದಿನದ ತಾರೀಖೇ ಹಾಕ್ತೀನಿ. ರಾಹುಕಾಲ ಇದ್ರೂ ಕೇಳಂಗಿಲ್ಲ." ರಾಯರಿಗೂ ನಗು ಬಂತು.

ಸುಜಯನ ಕಚೇರಿ ಹೊಸ ಕಾಗದಗಳನ್ನು ಒಪ್ಪಿಕೊಳ್ಳಲು ಸಮಯ ಹಿಡಿಯಿತು. ಲಕ್ಷ್ಮೀಬಾಯಿ ಕಾಯ್ದರು. ಸೆಟ್ ಬಿಗಿಯಾದ ದಿನ ಸಂಜೆ ಗುಡಿಯಲ್ಲಿ ಮೊದಲ ಸಾಲನ್ನು ಬೇರೆ ಯಾರೋ ಎತ್ತಿದರು. ಎರಡನೆಯ ಸಾಲಿಗೆ ಇವರ ದನಿ ಸೇರಿತು. ಸೆಟ್ ಅಲುಗಲಿಲ್ಲ. ಆ ಪದ್ಯ ಮುಗಿದ ಮೇಲೆ ಯಾರೂ ಮುಂದಿನದನ್ನು ಎತ್ತಲಿಲ್ಲ. ಎಲ್ಲರೂ ಅವರ ಕಡೆ ತಿರುಗಿ ಕಾಯುತ್ತಿದ್ದರು.

ಅಕ್ಕಂದಿರೇ, ಅಣ್ಣಂದಿರೇ, ಹಲ್ಲು ಕೀಳಿಸಿ ಅಂದೇ ಸೆಟ್ ಕೂಡಿಸಿಕೊಳ್ಳುವವರು ನಿಮ್ಮ ಮನೆಯಲ್ಲಿದ್ದರೆ, ಈ ಖರ್ಚು ಸಿಗುತ್ತದೆಯೇ ಎಂದು ಕಚೇರಿ ಅಥವಾ ವಿಮೆಯವರನ್ನು ಮೊದಲೇ ಕೇಳಿ. ಕೀಳುವ ಮುಂಚಿನ ಎಕ್ಸ್‌ರೇ, ಯಾವ ಹಲ್ಲು ಏಕೆ ಕಿತ್ತರೆಂಬ ಚೀಟಿ, ಬಿಡಿಸಿ ಬರೆದ ಬಿಲ್ಲು ಪಡೆದು, ಪ್ರತಿಯನ್ನೂ ಇಟ್ಟುಕೊಳ್ಳಿ. ಸೆಟ್ ಬಿಗಿ ಮಾಡಿಸುವ ಖರ್ಚು ಅದರಲ್ಲೇ ಸೇರಿದೆಯೇ ಎಂದು ಡಾಕ್ಟರನ್ನು ಕೇಳಲು ಸಂಕೋಚ ಬೇಡ. ದಿನ ಒಳ್ಳೆಯದಿರಲಿ, ಕೆಟ್ಟದ್ದಿರಲಿ, ಕಾಗದದಲ್ಲಿ ನಡೆದ ದಿನವನ್ನೇ ಬರೆಸಿ. ನಿಮ್ಮ ಮನೆಯಲ್ಲೂ ಒಬ್ಬರು ಸೆರಗಿನ ಹಿಂದೆ ಸುಮ್ಮನೆ ಕುಳಿತಿರಬಹುದು. ಒಮ್ಮೆ ಕೇಳಿ ನೋಡಿ.